ಫೈಲ್ ಕಣ್ಣೆದುರೇ ಇದೆ, ಆದರೂ ‘ನೋ ಸಚ್ ಫೈಲ್’ ಅಂತ ಬರುತ್ತಿದೆ – ಲೇಬಲ್ ಪ್ರಿಂಟರ್ ಡ್ರೈವರ್ ಇನ್‌ಸ್ಟಾಲ್ ಆಗುತ್ತಿಲ್ಲ

ಪುಸ್ತಕದ_ಕಪಾಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯ ಒಂದು ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಓದಿದ್ದು ಲೈಬ್ರರಿ ಸೈನ್ಸ್, ಕಂಪ್ಯೂಟರ್ ಅಲ್ಲ. ಆದರೆ ಎಂಟು ವರ್ಷದಿಂದ ವಿಂಡೋಸ್ ಬದಲು ಉಬುಂಟುವಿನಲ್ಲೇ ಕೆಲಸ. ಹಾಗಾಗಿ ಟರ್ಮಿನಲ್ ತೆರೆಯಲು ಹೆದರಿಕೆ ಇಲ್ಲ.

ಹೋದ ತಿಂಗಳು ಕೌಂಟರ್‌ನ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಅದರಲ್ಲಿ ಉಬುಂಟುವಿನ 18.04 ಆವೃತ್ತಿ ಇತ್ತು. ಎಸ್‌ಎಸ್‌ಡಿ ಹಾಕಿಸಿ 22.04 ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡೆ. ಲೈಬ್ರರಿಯ ಲೆಕ್ಕ ಇಡುವ ಕೋಹಾ ತಂತ್ರಾಂಶ ಬೇರೆ ಸರ್ವರ್‌ನಲ್ಲಿದೆ, ಬ್ರೌಸರ್‌ನಲ್ಲಿ ಸರಿಯಾಗಿ ತೆರೆಯುತ್ತದೆ. ಲೇಸರ್ ಪ್ರಿಂಟರ್ ತಾನಾಗಿಯೇ ಸಿಕ್ಕಿತು. ಉಳಿದದ್ದು ಪುಸ್ತಕದ ಬೆನ್ನಿಗೆ ಬಾರ್‌ಕೋಡ್ ಅಂಟಿಸುವ ಪುಟ್ಟ ಲೇಬಲ್ ಪ್ರಿಂಟರ್ ಒಂದೇ.

ಅದರ ಜೊತೆ ಬಂದ ಸಿಡಿಯಲ್ಲಿ ಡೆಬ್ ಫೈಲ್ (ಉಬುಂಟುವಿನ ಇನ್‌ಸ್ಟಾಲ್ ಪ್ಯಾಕೇಜ್) ಇದೆ. 18.04ರಲ್ಲಿ ಇದೇ ಫೈಲ್ ಹಾಕಿ ವರ್ಷಗಟ್ಟಲೆ ಲೇಬಲ್ ತೆಗೆದಿದ್ದೇನೆ. ಈಗ ಇನ್‌ಸ್ಟಾಲ್ ಮಾಡಿದರೆ ಕೊನೆಯಲ್ಲಿ ಹೀಗೆ ಬರುತ್ತದೆ. (ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಎರರ್ ಅನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ. ಪ್ಯಾಕೇಜಿನ ನಿಜವಾದ ಹೆಸರಿನ ಬದಲು ‘ಲೇಬಲ್‌ಡ್ರೈವರ್’ ಅಂತ ಇಟ್ಟುಕೊಂಡಿದ್ದೇನೆ.)

ಡಿಪಿಕೆಜಿ: ಅನೇಬಲ್ ಟು ಎಕ್ಸಿಕ್ಯೂಟ್ ಇನ್‌ಸ್ಟಾಲ್ಡ್ ಲೇಬಲ್‌ಡ್ರೈವರ್ ಪ್ಯಾಕೇಜ್ ಪೋಸ್ಟ್-ಇನ್‌ಸ್ಟಾಲೇಷನ್ ಸ್ಕ್ರಿಪ್ಟ್ (/ವಾರ್/ಲಿಬ್/ಡಿಪಿಕೆಜಿ/ಇನ್ಫೋ/ಲೇಬಲ್‌ಡ್ರೈವರ್.ಪೋಸ್ಟ್‌ಇನ್‌ಸ್ಟ್): ನೋ ಸಚ್ ಫೈಲ್ ಆರ್ ಡೈರೆಕ್ಟರಿ

ಆ ಫೈಲ್ ಇಲ್ಲ ಅಂತ ತಾನೇ ಇದರ ಅರ್ಥ? ಆದರೆ ಫೈಲ್ ಇದೆ! ಎಲ್‌ಎಸ್ ಕೊಟ್ಟು ನೋಡಿದೆ, ಅದೇ ಜಾಗ, ಅದೇ ಹೆಸರು. ಎಕ್ಸಿಕ್ಯೂಟ್ ಪರ್ಮಿಷನ್ ಕೂಡ ಇದೆ. ಸಿಡಿಯಿಂದ ಮತ್ತೆ ಕಾಪಿ ಮಾಡಿದೆ, ಮೂರು ಸಲ ಇನ್‌ಸ್ಟಾಲ್ ಮಾಡಿದೆ, ಅದೇ ಮಾತು.

ಇನ್ನೊಂದು ತೊಂದರೆ ಇದೆ, ಅದರ ಭಯವೇ ಜಾಸ್ತಿ. ಈಗ ಬೇರೆ ಏನನ್ನು ಇನ್‌ಸ್ಟಾಲ್ ಮಾಡಿದರೂ ಕೊನೆಯಲ್ಲಿ ಇದೇ ಎರರ್ ಬರುತ್ತಿದೆ. ನಿನ್ನೆ ಸುಮ್ನೆ ಒಂದು ಕನ್ನಡ ಫಾಂಟ್ ಹಾಕಲು ಹೋದೆ, ಅಲ್ಲೂ ಇದೇ. ಇಡೀ ಸಿಸ್ಟಂ ಹಾಳಾಯಿತೇನೋ ಅನ್ನಿಸುತ್ತಿದೆ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದೆ. ‘ವಿಂಡೋಸ್ ಹಾಕಿಕೊಳ್ಳಿ’ ಅಂದರು. ಮೇಜಿನ ಮೇಲೆ ಲೇಬಲ್ ಇಲ್ಲದ ಮುನ್ನೂರ ನಲವತ್ತು ಹೊಸ ಪುಸ್ತಕ ಕೂತಿವೆ. ಲೇಬಲ್ ಇಲ್ಲದೆ ಒಂದನ್ನೂ ಮಕ್ಕಳಿಗೆ ಕೊಡಲು ಆಗುತ್ತಿಲ್ಲ. ದಯವಿಟ್ಟು ದಾರಿ ಹೇಳಿ.

---

ಕರಾವಳಿ_ಅಡ್ಮಿನ್

ಮೇಡಂ, ಮೊದಲು ಧೈರ್ಯವಾಗಿರಿ. ಸಿಸ್ಟಂ ಹಾಳಾಗಿಲ್ಲ. ಒಂದು ಪ್ಯಾಕೇಜ್ ಅರ್ಧಕ್ಕೆ ನಿಂತಿದೆ ಅಷ್ಟೇ. ನೀವು ಬೇರೇನೇ ಹಾಕಿದರೂ ಆ್ಯಪ್ಟ್ (ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ) ಮೊದಲಿನ ಬಾಕಿ ಕೆಲಸವನ್ನೂ ಮುಗಿಸಲು ನೋಡುತ್ತದೆ, ಆಗದೆ ಅದೇ ಎರರ್ ಕೊಡುತ್ತದೆ. ನಿಮ್ಮ ಫಾಂಟ್ ಸರಿಯಾಗಿಯೇ ಕೂತಿರುತ್ತದೆ, ಬೇಕಾದರೆ ಲಿಬ್ರೆಆಫೀಸ್ ರೈಟರ್ ತೆರೆದು ನೋಡಿ.

ಈಗ ಆ ಎರರ್ ವಿಷಯ. ‘ಇಲ್ಲ’ ಅಂತ ಹೇಳುತ್ತಿರುವುದು ಆ ಸ್ಕ್ರಿಪ್ಟ್ ಬಗ್ಗೆ ಅಲ್ಲ. ಆ ಸ್ಕ್ರಿಪ್ಟನ್ನು ಓದಿ ನಡೆಸಬೇಕಾದ ಪ್ರೋಗ್ರಾಂ ಬಗ್ಗೆ.

ಸ್ಕ್ರಿಪ್ಟ್ ಅಂದರೆ ಬರೀ ಅಕ್ಷರ. ಅದರ ಮೊದಲ ಸಾಲಿನಲ್ಲಿ #! ಅಂತ ಎರಡು ಗುರುತು, ಆಮೇಲೆ ಒಂದು ವಿಳಾಸ ಇರುತ್ತದೆ. ‘ನನ್ನನ್ನು ಈ ವಿಳಾಸದಲ್ಲಿರುವವರ ಕೈಗೆ ಕೊಡಿ, ಅವರು ಓದುತ್ತಾರೆ’ ಅಂತ ಅದರ ಅರ್ಥ. ಈ ಪದ್ಧತಿಯನ್ನು ಯೂನಿಕ್ಸ್‌ಗೆ ತಂದವರು ಡೆನಿಸ್ ರಿಚಿ, 1980ರಲ್ಲಿ. ಇವತ್ತಿಗೂ ಹಾಗೇ ನಡೆಯುತ್ತಿದೆ. ಕರ್ನೆಲ್, ಅಂದರೆ ಸಿಸ್ಟಂನ ತಿರುಳು, ಆ ವಿಳಾಸಕ್ಕೆ ಹೋಗುತ್ತದೆ. ಅಲ್ಲಿ ಯಾರೂ ಇಲ್ಲದಿದ್ದರೆ ವಾಪಸ್ ಬಂದು ‘ಫೈಲ್ ಇಲ್ಲ’ ಅನ್ನುತ್ತದೆ. ಯಾವ ಫೈಲ್ ಅಂತ ಹೇಳುವುದಿಲ್ಲ. ಬ್ಯಾಷ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓಡಿಸುವ ಪ್ರೋಗ್ರಾಂ) ಆದರೆ ಆ ಮೊದಲ ಸಾಲನ್ನು ತಾನೇ ಓದಿ ನೋಡಿ ‘ಬ್ಯಾಡ್ ಇಂಟರ್‌ಪ್ರಿಟರ್’ (ಓದಿ ನಡೆಸುವವರೇ ಸರಿಯಿಲ್ಲ) ಅಂತ ವಿಳಾಸದ ಸಮೇತ ಹೇಳುತ್ತದೆ. ಪ್ಯಾಕೇಜ್ ಬಿಚ್ಚಿ ಕೂರಿಸುವ ಡಿಪಿಕೆಜಿ ಅಷ್ಟು ಮಾಡುವುದಿಲ್ಲ. ತಾನು ನಡೆಸಲು ಹೊರಟ ಸ್ಕ್ರಿಪ್ಟಿನ ಹೆಸರನ್ನೇ ಬರೆದುಬಿಡುತ್ತದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಪುಸ್ತಕ ಕಪಾಟಿನಲ್ಲೇ ಇದೆ. ಓದಿ ಹೇಳುವವರು ಊರಲ್ಲಿಲ್ಲ.

ಈಗ ಇದೊಂದು ಮಾಡಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ:

ಹೆಡ್ -ಎನ್1 /ವಾರ್/ಲಿಬ್/ಡಿಪಿಕೆಜಿ/ಇನ್ಫೋ/ಲೇಬಲ್‌ಡ್ರೈವರ್.ಪಿ*

ಆ ಪ್ಯಾಕೇಜಿನ ಇನ್‌ಸ್ಟಾಲ್, ರಿಮೂವ್ ಸ್ಕ್ರಿಪ್ಟ್‌ಗಳ ಮೊದಲ ಸಾಲು ಮಾತ್ರ ತೋರಿಸುತ್ತದೆ. ಅದನ್ನು ಇಲ್ಲಿ ಹಾಕಿ. ಸ್ಕ್ರಿಪ್ಟನ್ನು ಕೈಯಾರೆ ರನ್ ಮಾಡಲು ಹೋಗಬೇಡಿ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟ್ ಅದು, ಒಳಗೆ ಏನಿದೆ ಅಂತ ಮೊದಲು ನೋಡೋಣ.

---

ಪುಸ್ತಕದ_ಕಪಾಟು

ತುಂಬಾ ಥ್ಯಾಂಕ್ಸ್ ಸರ್. ಫಾಂಟ್ ನಿಜವಾಗಿಯೂ ಕೂತಿದೆ, ಈಗಷ್ಟೇ ನೋಡಿದೆ. ಎರಡು ಫೈಲ್ ಸಿಕ್ಕವು, ಪೋಸ್ಟ್‌ಇನ್‌ಸ್ಟ್ ಮತ್ತು ಪ್ರಿಆರ್‌ಎಂ. ಎರಡರ ಮೊದಲ ಸಾಲೂ ಒಂದೇ:

#!/ಯುಎಸ್‌ಆರ್/ಬಿನ್/ಪೈಥಾನ್

---

ಧಾರವಾಡ_ಪೇಡೆ

ಗೊತ್ತಾತು ನೋಡ್ರೀ ಮೇಡಂ. 20.04ರಿಂದ ಈಚೆಗೆ ಉಬುಂಟುವಿನಲ್ಲಿ ಬರೀ ‘ಪೈಥಾನ್’ (ಸ್ಕ್ರಿಪ್ಟ್ ಬರೆಯುವ ಒಂದು ಭಾಷೆ, ಅದನ್ನು ಓದುವ ಪ್ರೋಗ್ರಾಂ) ಅನ್ನುವ ಹೆಸರೇ ಇಲ್ಲ. ಪೈಥಾನ್3 ಅಂತ ಮಾತ್ರ ಇರುತ್ತದೆ. ಇದಕ್ಕೆ ಅಂತಲೇ ಒಂದು ಪ್ಯಾಕೇಜ್ ಇದೆ:

ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್-ಈಸ್-ಪೈಥಾನ್3

ಪೈಥಾನ್ ಅಂತ ಕರೆದರೆ ಪೈಥಾನ್3 ಓ ಅನ್ನುವಂತೆ ಲಿಂಕ್ ಹಾಕುತ್ತದೆ. ಹಾಕಿ ನೋಡ್ರೀ.

---

ಪುಸ್ತಕದ_ಕಪಾಟು

ಹಾಕಿದೆ ಸರ್. ಹಳೆಯ ಎರರ್ ಹೋಯಿತು, ಖುಷಿಯಾಯಿತು. ಆದರೆ ಹೊಸದು ಬಂತು:

ಸಿಂಟ್ಯಾಕ್ಸ್ ಎರರ್: ಮಿಸ್ಸಿಂಗ್ ಪ್ಯಾರೆಂಥಿಸಿಸ್ ಇನ್ ಕಾಲ್ ಟು ‘ಪ್ರಿಂಟ್’

ಪ್ರಿಂಟ್ ಅನ್ನುವುದನ್ನು ಕಂಡು ಪ್ರಿಂಟರ್ ಕನೆಕ್ಟ್ ಆಗಿಲ್ಲವೇನೋ ಅಂದುಕೊಂಡು ಕೇಬಲ್ ಬದಲಾಯಿಸಿ ನೋಡಿದೆ. ಅದಲ್ಲ ಅನ್ನಿಸುತ್ತದೆ, ಅಲ್ವಾ?

---

ಕರಾವಳಿ_ಅಡ್ಮಿನ್

ಕೇಬಲ್‌ಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ಇದು ಒಳ್ಳೆಯ ಸುದ್ದಿ. ಓದುವವರು ಸಿಕ್ಕಿದ್ದಾರೆ, ಆದರೆ ಅವರಿಗೆ ಹಳೆಯ ಬರಹ ಓದಲು ಬರುವುದಿಲ್ಲ. ಸ್ಕ್ರಿಪ್ಟ್ ಬರೆದಿರುವುದು ಪೈಥಾನ್ 2ರಲ್ಲಿ. ಅಲ್ಲಿ ಪ್ರಿಂಟ್ ಬರೆದು ಮುಂದೆ ಮಾತು ಬರೆದರೆ ಸಾಕಿತ್ತು. ಪೈಥಾನ್ 3ರಲ್ಲಿ ಆವರಣ ಚಿಹ್ನೆ ಇರಲೇಬೇಕು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ನಿಮ್ಮ ಡ್ರೈವರ್ ಅದಕ್ಕೂ ಮೊದಲಿನದು. ನಿಮ್ಮ ಹಳೆಯ 18.04ರಲ್ಲಿ ಪೈಥಾನ್ 2 ಇದ್ದಿರಬೇಕು, ‘ಪೈಥಾನ್’ ಅಂದರೆ ಅದೇ ಓಡುತ್ತಿತ್ತು. ಅದಕ್ಕೇ ಇಷ್ಟು ವರ್ಷ ಏನೂ ಗೊತ್ತಾಗಲಿಲ್ಲ.

22.04ರಲ್ಲಿ ಪೈಥಾನ್ 2 ಇನ್ನೂ ಸಿಗುತ್ತದೆ. ಹೀಗೆ ಮಾಡಿ.

ಮೊದಲು: ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್2. ಕೊನೆಯಲ್ಲಿ ಲೇಬಲ್‌ಡ್ರೈವರ್ ಬಗ್ಗೆ ಮತ್ತೆ ದೂರು ಬರುತ್ತದೆ, ಬರಲಿ ಬಿಡಿ.

ಆಮೇಲೆ ಸುಡೋ ನ್ಯಾನೋ ಕೊಟ್ಟು ಆ ಎರಡೂ ಫೈಲ್ ತೆರೆಯಿರಿ. ಮೊದಲ ಸಾಲಿನ ಕೊನೆಗೆ ಒಂದು 2 ಸೇರಿಸಿ. ಅಂದರೆ #!/ಯುಎಸ್‌ಆರ್/ಬಿನ್/ಪೈಥಾನ್2. ಬೇರೆ ಯಾವ ಸಾಲನ್ನೂ ಮುಟ್ಟಬೇಡಿ. ಪ್ರಿಆರ್‌ಎಂ ಅನ್ನು ಮರೆಯಬೇಡಿ. ಅದು ಪ್ಯಾಕೇಜ್ ತೆಗೆಯುವಾಗ ಓಡುವ ಸ್ಕ್ರಿಪ್ಟ್. ಅದನ್ನು ಹಾಗೇ ಬಿಟ್ಟರೆ ನಾಳೆ ಡ್ರೈವರ್ ತೆಗೆಯಲು ಹೋದಾಗ ಅದೂ ಆಗದೆ ಸಿಕ್ಕಿಕೊಳ್ಳುತ್ತೀರಿ.

ಕೊನೆಗೆ: ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಹುಡುಕಿದರೆ ಕೆಲವು ಕಡೆ ‘ಪೈಥಾನ್3 ಲಿಂಕನ್ನೇ ಬೇರೆ ಆವೃತ್ತಿಗೆ ತಿರುಗಿಸಿ’ ಅನ್ನುವ ಸಲಹೆ ಸಿಗುತ್ತದೆ. ಅದನ್ನು ಮಾಡಲೇಬೇಡಿ. ಉಬುಂಟುವಿನ ಎಷ್ಟೋ ಪ್ರೋಗ್ರಾಂಗಳು ತನ್ನದೇ ಪೈಥಾನ್3 ಅನ್ನು ನಂಬಿಕೊಂಡಿವೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಆಫೀಸಿನ ಒಂದು 18.04 ಕಂಪ್ಯೂಟರ್‌ನಲ್ಲಿ ಹೀಗೆ ಮಾಡಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಟರ್ಮಿನಲ್ ಕಿಟಕಿಯೇ ತೆರೆಯುತ್ತಿಲ್ಲ. ಐಕಾನ್ ಒತ್ತಿದರೆ ಒಂದು ಕ್ಷಣ ತಿರುಗಿ ಸುಮ್ಮನಾಗುತ್ತಿತ್ತು. ಆ ಟರ್ಮಿನಲ್‌ನ ಲಾಂಚರ್ ಕೂಡ ಪೈಥಾನ್ ಸ್ಕ್ರಿಪ್ಟ್ ಅಂತ ನನಗೆ ಅವತ್ತೇ ಗೊತ್ತಾದದ್ದು. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ, ಲಿಂಕ್ ಸರಿ ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ಸಿಸ್ಟಂನದನ್ನು ಸಿಸ್ಟಂಗೇ ಬಿಡಿ. ಬದಲಾಯಿಸುವುದಾದರೆ ನಿಮ್ಮ ಸ್ಕ್ರಿಪ್ಟಿನ ಮೊದಲ ಸಾಲು ಬದಲಾಯಿಸಿ.

ಪೇಡೆಯವರು ಹೇಳಿದ ಪ್ಯಾಕೇಜಿನಿಂದ ತೊಂದರೆ ಇಲ್ಲ, ಅದು ಇರಲಿ.

---

ಹೊಸಬ_2024

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೂ ಇದೇ ‘ಬ್ಯಾಡ್ ಇಂಟರ್‌ಪ್ರಿಟರ್’. ಆದರೆ ನನ್ನ ಸ್ಕ್ರಿಪ್ಟಿನ ಮೊದಲ ಸಾಲು /ಬಿನ್/ಬ್ಯಾಷ್. ಬ್ಯಾಷ್ ಇಲ್ಲದ ಉಬುಂಟು ಇರುತ್ತದಾ? ಎರರ್‌ನಲ್ಲಿ ಬ್ಯಾಷ್ ಆದಮೇಲೆ ^ಎಂ ಅಂತ ಒಂದು ಗುರುತು ಕಾಣುತ್ತಿದೆ.

---

ಕರಾವಳಿ_ಅಡ್ಮಿನ್

ಆ ^ಎಂ ಗುರುತೇ ಉತ್ತರ. ಫೈಲನ್ನು ವಿಂಡೋಸ್‌ನಲ್ಲಿ ಸೇವ್ ಮಾಡಿದ್ದೀರಿ ಅಲ್ವಾ? ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಜಾಸ್ತಿ ಹಾಕುತ್ತದೆ. ಕರ್ನೆಲ್ ಅದನ್ನೂ ಹೆಸರಿನ ಭಾಗ ಅಂದುಕೊಂಡು, ಆ ಬಾಲ ಇರುವ ಬ್ಯಾಷನ್ನು ಹುಡುಕುತ್ತದೆ. ಅಂಥದ್ದು ಎಲ್ಲೂ ಇಲ್ಲ. ಡಾಸ್2ಯೂನಿಕ್ಸ್ ಇನ್‌ಸ್ಟಾಲ್ ಮಾಡಿ, ಆ ಫೈಲ್ ಮೇಲೆ ಒಮ್ಮೆ ಓಡಿಸಿ. ಮೊದಲು ನೋಡಬೇಕು ಅನ್ನಿಸಿದರೆ ಕ್ಯಾಟ್ -ಎ (ದೊಡ್ಡ ಎ) ಕೊಡಿ, ಆ ಗುರುತು ಪ್ರತಿ ಸಾಲಿನ ಕೊನೆಯಲ್ಲೂ ಕಾಣುತ್ತದೆ.

---

ಪುಸ್ತಕದ_ಕಪಾಟು

ಸರ್, ಪ್ಯಾಕೇಜ್ ಇನ್‌ಸ್ಟಾಲ್ ಆಯಿತು! ಆ್ಯಪ್ಟ್ ಈಗ ಯಾವ ದೂರೂ ಹೇಳುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ ಹೆಸರು ಬಂದಿದೆ. ಆದರೆ ಲೇಬಲ್ ಕಳಿಸಿದರೆ ಪ್ರಿಂಟರ್ ಅಲುಗಾಡುವುದಿಲ್ಲ. ಕ್ಯೂನಲ್ಲಿ ‘ಫಿಲ್ಟರ್ ಫೇಲ್ಡ್’ ಅಂತ ಬಂದು ನಿಲ್ಲುತ್ತದೆ.

ನೀವು ಹೇಳಿದ್ದನ್ನು ನೆನೆದು ನಾನೇ ಸ್ವಲ್ಪ ಹುಡುಕಿದೆ. /ಯುಎಸ್‌ಆರ್/ಲಿಬ್/ಕಪ್ಸ್/ಫಿಲ್ಟರ್ ಅನ್ನುವಲ್ಲಿ ಡ್ರೈವರ್‌ನ ಒಂದು ಫೈಲ್ ಇದೆ. (ಕಪ್ಸ್ ಅಂದರೆ ಪ್ರಿಂಟ್ ಕೆಲಸ ನೋಡಿಕೊಳ್ಳುವ ವ್ಯವಸ್ಥೆ.) ಪೂರ್ತಿ ವಿಳಾಸ ಕೊಟ್ಟು ಓಡಿಸಿದರೆ ಮತ್ತೆ ಅದೇ: ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಮೊದಲ ಸಾಲು ನೋಡೋಣ ಅಂತ ಹೆಡ್ ಕೊಟ್ಟರೆ ಪರದೆ ತುಂಬಾ ಅರ್ಥವಾಗದ ಚಿಹ್ನೆಗಳು. ಇದು ಸ್ಕ್ರಿಪ್ಟ್ ಅಲ್ಲ, ಅಲ್ವಾ? ಹಾಗಾದರೆ ಓದುವವರು ಯಾರು?

---

ಕರಾವಳಿ_ಅಡ್ಮಿನ್

ಮೇಡಂ, ಎಂಥಾ ಒಳ್ಳೆಯ ಪ್ರಶ್ನೆ ಕೇಳಿದಿರಿ! ಸರಿಯಾದ ಜಾಗಕ್ಕೇ ಹೋಗಿದ್ದೀರಿ.

ಸ್ಕ್ರಿಪ್ಟ್ ಅಲ್ಲದ, ಕಂಪೈಲ್ ಆದ ಪ್ರೋಗ್ರಾಂಗಳಲ್ಲೂ ಹೆಚ್ಚಿನವಕ್ಕೆ ಒಬ್ಬ ಇಂಟರ್‌ಪ್ರಿಟರ್ ಇರುತ್ತಾನೆ. ಬೇಕಾದ ಲೈಬ್ರರಿಗಳನ್ನೆಲ್ಲ (ನಿಮ್ಮ ಲೈಬ್ರರಿ ಅಲ್ಲ, .ಎಸ್‌ಒ ಫೈಲ್‌ಗಳು) ಹುಡುಕಿ ಜೋಡಿಸಿ ಪ್ರೋಗ್ರಾಂ ಶುರು ಮಾಡುವುದು ಅವನ ಕೆಲಸ. ಅವನ ವಿಳಾಸ ಫೈಲಿನ ಒಳಗೇ ಬರೆದಿರುತ್ತದೆ. ಕರ್ನೆಲ್‌ಗೆ ಆ ವಿಳಾಸದಲ್ಲಿ ಯಾರೂ ಸಿಗದಿದ್ದರೆ ಮತ್ತೆ ಅದೇ ‘ಫೈಲ್ ಇಲ್ಲ’. ಇಲ್ಲಿ ಬ್ಯಾಷ್ ಕೂಡ ‘ಬ್ಯಾಡ್ ಇಂಟರ್‌ಪ್ರಿಟರ್’ ಅನ್ನುವುದಿಲ್ಲ, ಯಾಕೆಂದರೆ #! ಸಾಲು ಇಲ್ಲವಲ್ಲ. (24.04ರ ಬ್ಯಾಷ್ ಆಗಿದ್ದರೆ ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’ ಅನ್ನುತ್ತಿತ್ತು. ಅದು ಸ್ವಲ್ಪ ವಾಸಿ.)

ಫೈಲ್ ಅನ್ನುವ ಹೆಸರಿನದೇ ಒಂದು ಕಮಾಂಡ್ ಇದೆ. ಫೈಲ್ ಅಂತ ಬರೆದು ಮುಂದೆ ಆ ಫಿಲ್ಟರಿನ ಪೂರ್ತಿ ವಿಳಾಸ ಕೊಡಿ. ‘32-ಬಿಟ್’ ಅಂತ ಬರುತ್ತದೆ ಅನ್ನುವುದು ನನ್ನ ಊಹೆ.

---

ಪುಸ್ತಕದ_ಕಪಾಟು

ಹೌದು ಸರ್, ಸರಿಯಾಗಿ ಹೇಳಿದಿರಿ. ಇಎಲ್‌ಎಫ್ 32-ಬಿಟ್, ಇಂಟೆಲ್ 80386, ಅದರ ಮುಂದೆ ‘ಇಂಟರ್‌ಪ್ರಿಟರ್ /ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2’ ಅಂತ ಇದೆ. ಇಂಟರ್‌ಪ್ರಿಟರ್ ಅನ್ನುವ ಪದವೇ ಬರೆದಿದೆ! ಎಲ್‌ಎಸ್ ಕೊಟ್ಟು ನೋಡಿದೆ, ಆ ಫೈಲ್ ನನ್ನಲ್ಲಿ ನಿಜವಾಗಿಯೂ ಇಲ್ಲ. ಈಗ ಅರ್ಥವಾಯಿತು.

---

ಕರಾವಳಿ_ಅಡ್ಮಿನ್

ನಿಮ್ಮ ಉಬುಂಟು 64-ಬಿಟ್. 32-ಬಿಟ್‌ನ ಇಂಟರ್‌ಪ್ರಿಟರನ್ನು ಹೊಸ ಇನ್‌ಸ್ಟಾಲ್ ಜೊತೆ ಕೊಡುವುದಿಲ್ಲ. ಹಳೆಯ ಡಿಸ್ಕ್‌ನಲ್ಲಿ ಯಾವತ್ತೋ ಯಾರೋ ಹಾಕಿದ್ದರು ಅನ್ನಿಸುತ್ತದೆ. ಈ ಮೂರು, ಒಂದಾದ ಮೇಲೆ ಒಂದು:

ಸುಡೋ ಡಿಪಿಕೆಜಿ --ಆ್ಯಡ್-ಆರ್ಕಿಟೆಕ್ಚರ್ ಐ386
ಸುಡೋ ಆ್ಯಪ್ಟ್ ಅಪ್‌ಡೇಟ್
ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಲಿಬ್‌ಸಿ6:ಐ386

ಎರಡನೆಯದನ್ನು ಬಿಟ್ಟರೆ ಮೂರನೆಯದಕ್ಕೆ ಪ್ಯಾಕೇಜ್ ಸಿಗುವುದಿಲ್ಲ. ಆದಮೇಲೆ ಫಿಲ್ಟರನ್ನು ಮತ್ತೆ ಓಡಿಸಿ ನೋಡಿ. ಇನ್ನೊಂದು ಎರರ್ ಬಂದರೆ ಗಾಬರಿ ಬೇಡ. ಅದರಲ್ಲಿ ಯಾವ ಲೈಬ್ರರಿ ಬೇಕು ಅಂತ ಹೆಸರು ಹಿಡಿದೇ ಹೇಳಿರುತ್ತದೆ. ಕಪ್ಸ್ ಹೆಸರು ಬಂದರೆ ಲಿಬ್‌ಕಪ್ಸ್2:ಐ386 ಹಾಕಿ.

---

ಧಾರವಾಡ_ಪೇಡೆ

ಅಡ್ಮಿನ್ ಸರ್, ಈ ಎಲ್‌ಡಿ-ಲಿನಕ್ಸ್ ವಿಷಯ ನನಗೂ ಹೊಸದು. ಆಲ್ಪೈನ್ (ಇನ್ನೊಂದು ಪುಟ್ಟ ಲಿನಕ್ಸ್) ಕಂಟೇನರ್‌ನಲ್ಲಿ ಹೊರಗಿನಿಂದ ತಂದ ಪ್ರೋಗ್ರಾಂ ಓಡಿಸಿದರೆ ‘ನಾಟ್ ಫೌಂಡ್’ ಅನ್ನುತ್ತದಲ್ಲ, ಅದೂ ಇದೇನಾ?

---

ಕರಾವಳಿ_ಅಡ್ಮಿನ್

ಬಹುಮಟ್ಟಿಗೆ ಅದೇ. ಪ್ರೋಗ್ರಾಂಗಳಿಗೆಲ್ಲ ಬೇಕಾಗುವ ಮೂಲ ಲೈಬ್ರರಿಯಾಗಿ ಆಲ್ಪೈನ್ ಬಳಸುವುದು ಮಸಲ್, ಉಬುಂಟು ಬಳಸುವುದು ಜಿಲಿಬ್‌ಸಿ. ಉಬುಂಟುವಿಗೆ ಅಂತ ಕಟ್ಟಿದ ಪ್ರೋಗ್ರಾಂ ಒಳಗೆ ಜಿಲಿಬ್‌ಸಿಯವನ ವಿಳಾಸ ಇರುತ್ತದೆ, ಆಲ್ಪೈನ್‌ನಲ್ಲಿ ಅವನು ಇಲ್ಲ. ಆಲ್ಪೈನ್‌ನಲ್ಲಿ ಮೊದಲಿಗೆ ಬ್ಯಾಷ್ ಕೂಡ ಇರುವುದಿಲ್ಲ, ಹಾಗಾಗಿ ಬ್ಯಾಷ್ ಸ್ಕ್ರಿಪ್ಟ್‌ಗಳೂ ಇದೇ ಎರರ್ ಕೊಡುತ್ತವೆ. ಅದಕ್ಕೆ ಎಪಿಕೆ ಆ್ಯಡ್ ಬ್ಯಾಷ್ ಸಾಕು.

---

ಪುಸ್ತಕದ_ಕಪಾಟು

ಸರ್, ಲೇಬಲ್ ಬಂತು!

ಲಿಬ್‌ಸಿ6 ಹಾಕಿದ ಮೇಲೆ ನೀವು ಹೇಳಿದಂತೆಯೇ ಲಿಬ್‌ಕಪ್ಸ್.ಎಸ್‌ಒ.2 ಬೇಕು ಅಂತ ಕೇಳಿತು. ಅದನ್ನೂ ಹಾಕಿದೆ. ನಿಂತಿದ್ದ ಜಾಬ್‌ಗಳನ್ನೆಲ್ಲ ಅಳಿಸಿ ಒಂದೇ ಒಂದು ಕಳಿಸಿದೆ. ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಅದರ ಹಳೆಯ ಕಿರ್ ಅನ್ನುವ ಸದ್ದು. ಮೊದಲ ಲೇಬಲ್ ಸ್ವಲ್ಪ ಓರೆಯಾಗಿ ಬಂತು, ರೋಲ್ ಸರಿ ಕೂತಿರಲಿಲ್ಲ. ಎರಡನೆಯದು ನೆಟ್ಟಗೆ ಬಂತು. ಸ್ಕ್ಯಾನರ್ ಹಿಡಿದರೆ ಕೋಹಾದಲ್ಲಿ ಪುಸ್ತಕದ ಹೆಸರು ತೆರೆಯಿತು. ನಮ್ಮ ಅಟೆಂಡರ್ ಅಣ್ಣ ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಅವರೇ ಮೊದಲ ಪುಸ್ತಕಕ್ಕೆ ಅಂಟಿಸಿದರು.

ಒಂದೇ ಅನುಮಾನ. ಮುಂದೆ ಮತ್ತೆ ಡಿಸ್ಕ್ ಹೋದರೆ ಇಷ್ಟನ್ನೂ ಮೊದಲಿಂದ ಮಾಡಬೇಕಾ? 24.04 ಹಾಕಿಕೊಳ್ಳಬಹುದಾ?

---

ಕರಾವಳಿ_ಅಡ್ಮಿನ್

ಓದಿ ತುಂಬಾ ಖುಷಿಯಾಯಿತು ಮೇಡಂ. ಅಟೆಂಡರ್ ಅಣ್ಣನಿಗೂ ನಮಸ್ಕಾರ ಹೇಳಿ.

ಸದ್ಯಕ್ಕೆ 24.04ಕ್ಕೆ ಹೋಗಬೇಡಿ. ಅದರಲ್ಲಿ ಪೈಥಾನ್ 2 ಪ್ಯಾಕೇಜೇ ಇಲ್ಲ. 22.04ಕ್ಕೆ 2027ರವರೆಗೆ ಅಪ್‌ಡೇಟ್ ಬರುತ್ತದೆ, ಅಷ್ಟರೊಳಗೆ ಡೆಬ್ ಫೈಲನ್ನೇ ಸರಿ ಮಾಡಿಟ್ಟುಕೊಳ್ಳೋಣ. ನೀವು ಈಗ ತಿದ್ದಿದ್ದು ಇನ್‌ಸ್ಟಾಲ್ ಆದ ಪ್ರತಿ ಮಾತ್ರ. ಸಿಡಿಯಲ್ಲಿರುವುದು ಹಳೆಯದೇ. ಅದನ್ನು ಮತ್ತೆ ಹಾಕಿದರೆ ಹಳೆಯ ಮೊದಲ ಸಾಲೇ ವಾಪಸ್ ಬರುತ್ತದೆ.

ಡಿಪಿಕೆಜಿ-ಡೆಬ್ -ಆರ್ (ದೊಡ್ಡ ಆರ್) ಕೊಟ್ಟರೆ ಡೆಬ್ ಫೈಲ್ ಒಂದು ಫೋಲ್ಡರ್ ಆಗಿ ಬಿಚ್ಚಿಕೊಳ್ಳುತ್ತದೆ. ಅದರೊಳಗಿನ ಡೆಬಿಯನ್ ಅನ್ನುವ ಫೋಲ್ಡರ್‌ನಲ್ಲಿ ಇದೇ ಎರಡು ಸ್ಕ್ರಿಪ್ಟ್ ಇರುತ್ತವೆ. ತಿದ್ದಿದ ಮೇಲೆ ಡಿಪಿಕೆಜಿ-ಡೆಬ್ -ಬಿ ಕೊಟ್ಟರೆ ಮತ್ತೆ ಡೆಬ್ ಫೈಲ್ ಆಗುತ್ತದೆ. ಆಗ ಮೊದಲ ಸಾಲನ್ನು ಪೈಥಾನ್3 ಅಂತಲೇ ಮಾಡಿ, ಪ್ರಿಂಟ್ ಸಾಲುಗಳಿಗೆ ಆವರಣ ಹಾಕಿಬಿಡೋಣ. ಆಮೇಲೆ ಪೈಥಾನ್ 2ರ ಹಂಗೇ ಇರುವುದಿಲ್ಲ. ಆ ಎರಡು ಸ್ಕ್ರಿಪ್ಟ್ ಎಷ್ಟು ಉದ್ದ ಇವೆ? ಚಿಕ್ಕದಾಗಿದ್ದರೆ ಇಲ್ಲೇ ಹಾಕಿ, ನಾನು ಸಾಲು ಸಾಲಾಗಿ ನೋಡಿಕೊಡುತ್ತೇನೆ.

---

ಪುಸ್ತಕದ_ಕಪಾಟು

ಒಂದು 31 ಸಾಲು, ಇನ್ನೊಂದು 12 ಸಾಲು ಸರ್. ಪ್ರಿಂಟ್ ಅಂತ ಇರುವುದು ಎಲ್ಲಾ ಸೇರಿ ಐದು ಕಡೆ, ಎಣಿಸಿದೆ. ಇವತ್ತು ಐವತ್ತು ಪುಸ್ತಕಕ್ಕೆ ಲೇಬಲ್ ಮುಗಿಸಬೇಕು. ರಾತ್ರಿ ಮನೆಗೆ ಹೋಗಿ ಐದೂ ಕಡೆ ನಾನೇ ಆವರಣ ಹಾಕಿ, ನಾಳೆ ಬೆಳಿಗ್ಗೆ ಎರಡೂ ಸ್ಕ್ರಿಪ್ಟ್ ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.